ಬ್ಯಾಂಡ್ ಮಾಸ್ಟ್ರಾದ ಅಳಿಯನಿಗೆ



ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸುವ ಕೆಲಸ ನಿನಗೆ ಸಿಕ್ಕಿತೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅದರ ಬೆನ್ನಿಗೇ ಇನ್ನೊಂದನ್ನೂ ಹೇಳಿದಳು: ಇನ್ನು ಮೇಲೆ ಮದುವೆ, ಜಾತ್ರೆಗಳಿಗೆ ಸ್ಯಾಕ್ಸೋಫೋನ್ ಊದಲು ನೀನು ಹೋಗುವುದಿಲ್ಲವಂತೆ, ಮಾಸ್ಟ್ರಾದವನಿಗೆ ಅದು ಶೋಭಿಸುವುದಿಲ್ಲವಂತೆ. ಮೊದಲ ಸುದ್ದಿಗೆ ಸಂತೋಷಪಟ್ಟೆ. ಎರಡನೆಯದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಮಾವನ ಮಾತಿಗೆ ನಮ್ಮ ಕಡೆ ಇನ್ನೂ ಸ್ವಲ್ಪ ಬೆಲೆಯಿದೆ ಎಂಬ ಧೈರ್ಯ ನನ್ನದು.

ಶಿಕಾಗೋ ನಗರದಲ್ಲಿ ವಾಲ್ಟರ್ ಡಯೆಟ್ ಎಂಬ ಬ್ಯಾಂಡ್ ಮಾಸ್ಟ್ರು ಇದ್ದರು. ಹುಟ್ಟಿದ್ದು 1901ರಲ್ಲಿ, ತೀರಿಕೊಂಡದ್ದು 1969ರಲ್ಲಿ. ಕಪ್ಪು ಜನರ ಸೈನಿಕ ದಳವೊಂದರ ಬ್ಯಾಂಡ್ ನಡೆಸಿದ್ದರಿಂದ ಎಲ್ಲರಿಗೂ ಅವರು ‘ಕ್ಯಾಪ್ಟನ್’. ಡಾಕ್ಟರಾಗಬೇಕೆಂದು ಹೊರಟವರು ಪಿಟೀಲು ಹಿಡಿದು ಸಂಗೀತಕ್ಕೆ ತಿರುಗಿಕೊಂಡರು. ಅದು ಮೂಕಿ ಚಿತ್ರಗಳ ಕಾಲ. ವೆಂಡೋಮ್ ಥಿಯೇಟರಿನ ಪರದೆಯ ಬುಡದಲ್ಲಿ ಕೂತು ನುಡಿಸುತ್ತಿದ್ದ ಎರ್ಸ್ಕಿನ್ ಟೇಟ್ ಅವರ ವಾದ್ಯವೃಂದದಲ್ಲಿ ಡಯೆಟ್ ಕೂಡ ಇದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿ ಊದಿದ್ದೂ ಅದೇ ವೃಂದದಲ್ಲಿ. ಹೀಗೆ ದುಡಿಮೆಯ ಸಂಗೀತದಲ್ಲಿ ಪಳಗಿದವರು 1931ರಲ್ಲಿ ವೆಂಡೆಲ್ ಫಿಲಿಪ್ಸ್ ಹೈಸ್ಕೂಲಿಗೆ ಬಂದರು; 1935ರಲ್ಲಿ ಹೊಸದಾಗಿ ತೆರೆದ ಡುಸಾಬಲ್ ಹೈಸ್ಕೂಲಿನಲ್ಲಿ ಕಾಲು ಶತಮಾನ ಕಳೆದರು.

ಅಲ್ಲಿಂದ ಹೊರಬಿದ್ದವರ ಪಟ್ಟಿ ನೋಡಿದರೆ ಒಂದು ಶಾಲೆಯ ಮಾತು ಎಂದು ನಂಬುವುದೇ ಕಷ್ಟ. ನ್ಯಾಟ್ ಕಿಂಗ್ ಕೋಲ್, ಡೊರೊಥಿ ಡಾನೆಗನ್, ಜೀನ್ ಆಮನ್ಸ್, ವಾನ್ ಫ್ರೀಮನ್, ಜಾನಿ ಗ್ರಿಫಿನ್, ರಿಚರ್ಡ್ ಡೇವಿಸ್. ಜಾಝ್ ಕೇಳುವವರಿಗೆ ಇದು ಅರ್ಧ ಚರಿತ್ರೆ.

ಇದಕ್ಕೆ ಕಾರಣ ಕ್ಯಾಪ್ಟನ್ನರ ಶಿಸ್ತು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಶಿಸ್ತು ಇತ್ತು, ನಿಜ. ನೂರು ಮಂದಿ ಒಟ್ಟಿಗೆ ನುಡಿಸುವಾಗ ತಪ್ಪಿದವನು ಯಾರೆಂದು ಅವರ ಕಿವಿ ಹಿಡಿಯುತ್ತಿತ್ತು, ತಪ್ಪಿದವನನ್ನು ಕೋಣೆಯಿಂದ ಆಚೆಗೆ ಅಟ್ಟುತ್ತಿದ್ದರು ಎಂದು ಶಿಷ್ಯರು ನೆನೆಯುತ್ತಾರೆ. ಅಟ್ಟುವುದನ್ನು ನೀನು ಕಲಿಯಬೇಡ. ನಮ್ಮ ಶಾಲೆಗಳಲ್ಲಿ ಬೈಗುಳಕ್ಕೆ ಎಂದೂ ಬರ ಬಂದಿಲ್ಲ, ಬರ ಇರುವುದು ಅಂಥ ಕಿವಿಗೆ.

ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅಮೆರಿಕದ ದಕ್ಷಿಣದ ಹೊಲಗಳನ್ನು ಬಿಟ್ಟು ಬಂದ ಕಪ್ಪು ಕುಟುಂಬಗಳನ್ನು ಆ ನಗರ ಕೆಲವೇ ಬೀದಿಗಳಲ್ಲಿ ಒತ್ತರಿಸಿ ಇಟ್ಟಿತ್ತು. ಶಾಲೆಯ ಕೋಣೆಗಳು ಕಿಕ್ಕಿರಿದಿದ್ದವು. ವಾದ್ಯಗಾರರ ಸಂಘ ಕೂಡ ಎರಡು: ಬಿಳಿಯರದ್ದು ಬೇರೆ, ಕಪ್ಪು ಜನರದ್ದು ‘ಲೋಕಲ್ 208’. ಅವೆರಡೂ ಒಂದಾದದ್ದು 1966ರಲ್ಲಿ! ಇಂಥ ಕಡೆ ಸ್ವರಲಿಪಿ ನೋಡಿದೊಡನೆ ನುಡಿಸಲು ಬಾರದವನಿಗೆ ನಾಳೆ ಕೆಲಸವಿಲ್ಲ, ‘ಪಾಪ, ಕಲಿಯುತ್ತಿದ್ದಾನೆ’ ಎನ್ನುವವರೂ ಇಲ್ಲ. ಕ್ಯಾಪ್ಟನ್ನರಿಗೆ ಇದು ಕೇಳಿ ತಿಳಿದದ್ದಲ್ಲ, ವೇದಿಕೆಯಲ್ಲಿ ಕೂತು ತಿಳಿದದ್ದು. ಆ ಹೊರಗಿನ ಅಳತೆಗೋಲನ್ನೇ ಹದಿನಾಲ್ಕರ ಮಕ್ಕಳ ಮುಂದೆ ಹಿಡಿದರು. ಮಕ್ಕಳಿಗೆ ಅಷ್ಟು ಸಾಕು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಬರೀ ಪಾಠ ಮಾಡಿಕೊಂಡಿದ್ದ ಮಾಸ್ಟ್ರಿಗೆ ಆ ಅಳತೆ ಗೊತ್ತಿರುವುದು ಹೇಗೆ, ಹೇಳು?

ಜಾನಿ ಗ್ರಿಫಿನ್ ಕತೆ ಕೇಳು. ಜೀನ್ ಆಮನ್ಸ್ ಸ್ಯಾಕ್ಸ್ ನುಡಿಸಿದ್ದನ್ನು ಚಿಕ್ಕಂದಿನಲ್ಲಿ ಕೇಳಿ, ತನಗೂ ಅದೇ ಬೇಕೆಂದು ಹುಡುಗ ಕ್ಯಾಪ್ಟನ್ನರ ಬಳಿ ಬಂದ. ಅವರು ಕೈಗೆ ಕೊಟ್ಟದ್ದು ಕ್ಲಾರಿನೆಟ್. ಮೊದಲು ಇದು, ಆಮೇಲೆ ಅದು. ನಡುವೆ ಓಬೋ ಕೂಡ ಊದಿಸಿದರು. 1945ರಲ್ಲಿ ಶಾಲೆ ಮುಗಿದದ್ದೇ ತಡ, ಲಯನೆಲ್ ಹ್ಯಾಂಪ್ಟನ್ ತಮ್ಮ ಬ್ಯಾಂಡಿಗೆ ಅವನನ್ನು ಕರೆದುಕೊಂಡರು.

ನಮ್ಮ ಕದ್ರಿ ಗೋಪಾಲನಾಥರ ಕತೆ ನಿನಗೆ ಬಾಯಿಪಾಠ. ನಾಗಸ್ವರದ ಮನೆಯ ಹುಡುಗನನ್ನು ಸೆಳೆದುಕೊಂಡದ್ದು ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೋಫೋನ್. ಹುಡುಗರಿಗೆ ಹುಚ್ಚು ಹಿಡಿಯುವುದು ಯಾರೋ ಎದುರಿಗೆ ನಿಂತು ಚೆನ್ನಾಗಿ ನುಡಿಸಿದಾಗ. ಪಾಠ ಆಮೇಲಿನದು. ನೀನು ಊದುವುದನ್ನೇ ಬಿಟ್ಟರೆ ನಿನ್ನ ಮಕ್ಕಳು ಕೇಳುವುದು ಯಾರನ್ನು? ಆಗಸ್ಟ್ 15, ಜನವರಿ 26, ನವೆಂಬರ್ 1, ಈ ಮೂರು ದಿನಗಳ ಪಥಸಂಚಲನಕ್ಕೆ ಡ್ರಮ್ ಬಡಿಸಿ, ಉಳಿದ ದಿನ ಬೀರುವಿಗೆ ಬೀಗ ಹಾಕುವ ಮಾಸ್ಟ್ರುಗಳು ಬೇಕಾದಷ್ಟಿದ್ದಾರೆ.

ದುಡ್ಡಿನ ಪ್ರಶ್ನೆ ಬರುತ್ತದೆ. ಹರಿದ ಡ್ರಮ್ ತೋರಿಸಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಕ್ಯಾಪ್ಟನ್ ‘ಹೈ ಜಿಂಕ್ಸ್’ ಎಂಬ ಪ್ರದರ್ಶನವನ್ನು ವರ್ಷವರ್ಷ ಮಕ್ಕಳಿಂದಲೇ ಮಾಡಿಸಿ, ಟಿಕೆಟ್ಟಿನ ದುಡ್ಡಿನಲ್ಲಿ ವಾದ್ಯ ಕೊಳ್ಳುತ್ತಿದ್ದರು. ವಾರ್ಷಿಕೋತ್ಸವದಲ್ಲಿ ನಿನ್ನ ಬ್ಯಾಂಡಿಗೆ ಒಂದು ಗಂಟೆ ಕೇಳು. ಊರವರು ಕೇಳಿ ತಲೆದೂಗಿದ ಮೇಲೆ ಕೈ ಚಾಚು; ನಮ್ಮೂರಲ್ಲಿ ಯಕ್ಷಗಾನಕ್ಕೆ ಕೊಡುವವರು ಇದಕ್ಕೂ ಕೊಟ್ಟಾರು.

ಶಿಷ್ಯರಲ್ಲಿ ನನಗೆ ತುಂಬ ಹಿಡಿಸಿದವರು ಬೇಸ್ ನುಡಿಸುತ್ತಿದ್ದ ರಿಚರ್ಡ್ ಡೇವಿಸ್. ಸಿಂಫನಿ, ಜಾಝ್, ವ್ಯಾನ್ ಮಾರಿಸನ್ನರ ರೆಕಾರ್ಡು, ಎಲ್ಲ ಕಡೆ ಅವರ ಬೆರಳಿದೆ. 1977ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿ, ಸುಮಾರು ನಾಲ್ಕು ದಶಕ ಪಾಠ ಹೇಳಿದರು. ಮಾಸ್ಟ್ರಾದೆನೆಂದು ಬೇಸನ್ನು ಕೆಳಗಿಡಲಿಲ್ಲ.

ಮೇ ತಿಂಗಳ ಮುಹೂರ್ತಗಳಿಗೆ ಒಪ್ಪಿಕೊಂಡಿದ್ದನ್ನು ಬಿಡಬೇಡ, ಹೇಗೂ ರಜೆ. ಮನೆಯವರನ್ನು ಕೇಳಿ ನಿನ್ನ ಬ್ಯಾಂಡಿನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗು. ಡೋಲಿನವರ ಪಕ್ಕ ಕೂತು ತಾಳ ಹಾಕಲಿ, ಮಧ್ಯಾಹ್ನದ ಊಟವೂ ಆಗುತ್ತದೆ.

ಇತಿ,
ನಿನ್ನ ಮಾವ