ಗೂಡಿಗೆ ಸೂಟೆ ಹಿಡಿಯುವ ಮೊದಲು

ಆರೋಗ್ಯ ಪ್ರಶ್ನೋತ್ತರ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು, ಗುಡ್ಡೆಯ ಹುಲ್ಲು ಕಡಿಯುವ ಕೆಲಸ ಶುರುವಾಗುವ ಕಾಲವಿದು. ಕಣಜದ ಗೂಡುಗಳು ದೊಡ್ಡದಾಗಿ ಬೆಳೆದಿರುವುದೂ ಇದೇ ಹೊತ್ತಿಗೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಓದುಗರ ಪತ್ರಗಳಲ್ಲಿ ಈ ಬಾರಿ ಕಣಜದ್ದೇ ಪ್ರಶ್ನೆ. ಅವುಗಳಲ್ಲಿ ಐದನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹಟ್ಟಿಯ ಹಿಂದಿನ ಹಲಸಿನ ಮರದಲ್ಲಿ ಕಣಜದ ದೊಡ್ಡ ಗೂಡು ಉಂಟು. ಹಾಲು ಕರೆಯಲು ಹೋಗುವಾಗೆಲ್ಲ ಭಯ. ರಾತ್ರಿ ಸೂಟೆ ಕಟ್ಟಿ ಸುಡುತ್ತೇನೆ ಎಂದು ಮೈದುನ ಹೇಳುತ್ತಿದ್ದಾನೆ. ಸುಡಬಹುದೇ ಡಾಕ್ಟ್ರೇ?
— ಗೃಹಿಣಿ, ಪುಂಜಾಲಕಟ್ಟೆ

ಬೇಡ. ಮೈದುನನನ್ನು ಇವತ್ತೇ ತಡೆಯಿರಿ. ರಾತ್ರಿ ಕಣಜ ನಿದ್ದೆ ಮಾಡುತ್ತದೆ ಎಂಬ ನಂಬಿಕೆ ಹಳೆಯದು. ಆದರೆ ಗೂಡು ಅಲುಗಿದರೆ ಅವು ಕತ್ತಲಲ್ಲೂ ಏಳುತ್ತವೆ, ಬೆಳಕು ಕಂಡತ್ತ ಹಾರುತ್ತವೆ. ಸೂಟೆ ಹಿಡಿದವನ ಕೈಯಲ್ಲೇ ಬೆಳಕು ಇರುತ್ತದೆ! ಏಣಿಯ ಮೇಲಿದ್ದವರು ಕಣಜ ಕಚ್ಚಿದ ಗಾಬರಿಯಲ್ಲಿ ಕೈಬಿಟ್ಟರೆ ಸೊಂಟ, ಬೆನ್ನುಮೂಳೆಗೇ ಏಟು. ಉರಿಯುವ ಗೂಡು ಹಟ್ಟಿಯ ಮಾಡಿನ ಮೇಲೋ ಬೈಹುಲ್ಲಿನ ಮೇಲೋ ಬಿದ್ದರೆ ಮತ್ತೊಂದು ಅನಾಹುತ. ಕಲ್ಲು ಹೊಡೆಯುವುದು, ಪಟಾಕಿ ಸಿಡಿಸುವುದು, ಪಂಪಿನ ನೀರು ಹಾಯಿಸುವುದು ಸಹ ಬೇಡ.

ಗೂಡು ಎತ್ತರದಲ್ಲಿದ್ದು, ಅದರ ಕೆಳಗೆ ಯಾರೂ ಓಡಾಡದ ಜಾಗವಾದರೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು. ಕಣಜದ ಗೂಡು ಸಾಮಾನ್ಯವಾಗಿ ಒಂದು ಹಂಗಾಮಿನದು; ಹಂಗಾಮು ಮುಗಿದ ಮೇಲೆ ಬರಿದಾಗುತ್ತದೆ. ದೂರದಿಂದಲೇ ಕಾಣುವಂತೆ ಕೆಂಪು ಬಟ್ಟೆ ಕಟ್ಟಿ, ತೋಟದ ಕೆಲಸದವರಿಗೂ ಶಾಲೆಗೆ ಹೋಗುವ ಮಕ್ಕಳಿಗೂ ಹೇಳಿಟ್ಟರೆ ಸಾಕು.

ನಿಮ್ಮ ಸಂಗತಿ ಬೇರೆ. ದಿನಕ್ಕೆ ಎರಡು ಸಲ ಹೋಗಲೇಬೇಕಾದ ಜಾಗ. ಕಟ್ಟಿ ಹಾಕಿದ ದನಗಳಿಗೆ ಓಡಲೂ ಆಗದು. ಹಾಗಾಗಿ ಈ ಗೂಡು ತೆಗೆಸಲೇಬೇಕು, ಆದರೆ ಮನೆಯವರ ಕೈಯಿಂದಲ್ಲ. ಗ್ರಾಮ ಪಂಚಾಯತ್‌ಗೂ ಹತ್ತಿರದ ಅಗ್ನಿಶಾಮಕ ಠಾಣೆಗೂ ತಿಳಿಸಿ, ಮೈಮುಖ ಪೂರ್ತಿ ಮುಚ್ಚುವ ಉಡುಪು ಇದ್ದು ಈ ಕೆಲಸ ಗೊತ್ತಿರುವವರನ್ನೇ ಕರೆಸಿ. ಅಲ್ಲಿಯವರೆಗೆ ದನಗಳನ್ನು ಬೇರೆ ಕಡೆ ಕಟ್ಟಿ. ತೆಗೆಯುವ ದಿನ ಮನೆಯ ಬಾಗಿಲು, ಕಿಟಕಿ ಮುಚ್ಚಿ, ಹೊರಗಿನ ದೀಪ ಆರಿಸಿ, ಮಕ್ಕಳನ್ನೂ ಹಿರಿಯರನ್ನೂ ಒಳಗಿರಿಸಿ, ಒಂದು ವಾಹನ ಸಿದ್ಧವಿಟ್ಟುಕೊಳ್ಳಿ. ಗೂಡು ತೆಗೆದ ಮೇಲೂ ಒಂದೆರಡು ದಿನ ಹೊರಗುಳಿದ ಕಣಜಗಳು ಅಲ್ಲೇ ಸುತ್ತುತ್ತಿರುತ್ತವೆ. ಆ ಕಡೆ ಹೋಗಬೇಡಿ.

ಕಣಜಗಳು ಮೈಮೇಲೆ ಬಂದರೆ ಕೈ ಬೀಸಿ ಹೊಡೆಯಬೇಡಿ. ಜಜ್ಜಿದ ಕಣಜದಿಂದ ಹೊರಡುವ ವಾಸನೆಯೇ ಉಳಿದವುಗಳನ್ನು ಕರೆಯುತ್ತದೆ. ಬಟ್ಟೆಯಿಂದ ತಲೆ, ಮುಖ ಮುಚ್ಚಿಕೊಂಡು ನಿಲ್ಲದೆ ಓಡಿ, ಮನೆ ಸೇರಿ ಬಾಗಿಲು ಹಾಕಿಕೊಳ್ಳಿ. ಕೆರೆಗೋ ಬಾವಿಗೋ ಹಾರಬೇಡಿ.

ಪ್ರಶ್ನೆ: ಗುಡ್ಡೆಯಲ್ಲಿ ಯಂತ್ರದಿಂದ ಹುಲ್ಲು ಕತ್ತರಿಸುವಾಗ ಅಪ್ಪನಿಗೆ ಹತ್ತಾರು ಕಣಜ ಕಚ್ಚಿದವು. ಇಂಜೆಕ್ಷನ್ ಮಾಡಿಸಿ ಮನೆಗೆ ಬಂದೆವು. ಮರುದಿನ ಮೂತ್ರ ಕಪ್ಪು ಚಹಾದ ಹಾಗೆ ಹೋಯಿತು, ಆಮೇಲೆ ಕಡಿಮೆಯಾಯಿತು. ಕೊನೆಗೆ ಡಯಾಲಿಸಿಸ್ ಬೇಕಾಯಿತು. ಹುಳ ಕಚ್ಚಿದ್ದಕ್ಕೂ ಕಿಡ್ನಿಗೂ ಏನು ಸಂಬಂಧ?
— ಕೃಷಿಕ, ವೇಣೂರು

ಎಲ್ಲರೂ ಓದಬೇಕಾದ ಪತ್ರವಿದು. ಕಣಜದ ವಿಷ ಹೆಚ್ಚಿನ ಪ್ರಮಾಣದಲ್ಲಿ ಸೇರಿದಾಗ ಸ್ನಾಯುವಿನ ಕೋಶಗಳನ್ನೂ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಸ್ನಾಯುವಿನಿಂದ ಮಯೋಗ್ಲೋಬಿನ್, ರಕ್ತಕಣದಿಂದ ಹಿಮೋಗ್ಲೋಬಿನ್ ಹೊರಬಿದ್ದು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂತ್ರದ ಕಪ್ಪು ಬಣ್ಣಕ್ಕೆ ಅವೇ ಕಾರಣ. ಮೂತ್ರಪಿಂಡದ ಮೇಲೆ ವಿಷದ ನೇರ ಪೆಟ್ಟೂ ಬೀಳುತ್ತದೆ. ರಕ್ತದೊತ್ತಡ ಕುಸಿದಿದ್ದರೆ ಹಾನಿ ಇನ್ನೂ ಹೆಚ್ಚು. 2013ರಲ್ಲಿ ಚೀನಾದ ಷಾನ್‌ಷಿ ಪ್ರಾಂತ್ಯದಲ್ಲಿ ಕಣಜಗಳ ದಾಳಿಗೆ 40ಕ್ಕೂ ಹೆಚ್ಚು ಜನ ತೀರಿಕೊಂಡಾಗ ಮೂತ್ರಪಿಂಡದ ವೈಫಲ್ಯದ ಸುದ್ದಿ ಜಗತ್ತಿಗೆಲ್ಲ ತಿಳಿಯಿತು.

ಮೊದಲ ದಿನ ಹುಷಾರಾಗಿ ಕಂಡವರು ಎರಡು ಮೂರು ದಿನದಲ್ಲಿ ಹದಗೆಡಬಹುದು ಎಂಬುದೇ ಇದರ ಕಷ್ಟ. ಅದಕ್ಕಾಗಿ, 10ಕ್ಕಿಂತ ಹೆಚ್ಚು ಕಡಿತವಾಗಿದ್ದರೆ ನೋವು ಇಳಿದಿದ್ದರೂ ಆಸ್ಪತ್ರೆಗೆ ಹೋಗಿ. ಮಕ್ಕಳಿಗೂ ವಯಸ್ಸಾದವರಿಗೂ ಅಷ್ಟು ಕಚ್ಚುವವರೆಗೆ ಕಾಯಬೇಡಿ. ಮೂತ್ರ, ಕ್ರಿಯಾಟಿನಿನ್ ಮತ್ತು ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಮುಂದಿನ ದಿನಗಳಲ್ಲೂ ಮರಳಿ ಮಾಡಿಸಿ. ಮೂತ್ರದ ಬಣ್ಣ ಕಪ್ಪಾದರೆ, ಪ್ರಮಾಣ ಇಳಿದರೆ, ಮೈಕೈ ವಿಪರೀತ ನೋಯುತ್ತಿದ್ದರೆ ಅದೇ ಗಳಿಗೆಯಲ್ಲಿ ಹೊರಡಿ. ಉಷ್ಣವಾಗಿದೆ ಎಂದು ಎಳನೀರು, ಬಾರ್ಲಿ ನೀರು ಕುಡಿಸುತ್ತಾ ಮನೆಯಲ್ಲಿ ಕೂರಬೇಡಿ. ಮೂತ್ರಪಿಂಡ ಸೋತಾಗ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಹಾವಿನ ವಿಷಕ್ಕೆ ಇರುವಂತೆ ಕಣಜದ ವಿಷಕ್ಕೆ ಪ್ರತಿವಿಷದ ಔಷಧವಿಲ್ಲ. ಸಕಾಲಕ್ಕೆ ಡ್ರಿಪ್, ಅಗತ್ಯವಿದ್ದರೆ ಡಯಾಲಿಸಿಸ್, ಇವೇ ಚಿಕಿತ್ಸೆ. ಸಮಾಧಾನದ ಮಾತೆಂದರೆ, ಸಮಯಕ್ಕೆ ಡಯಾಲಿಸಿಸ್ ಸಿಕ್ಕವರಲ್ಲಿ ಹೆಚ್ಚಿನವರ ಮೂತ್ರಪಿಂಡ ಕೆಲವು ವಾರಗಳಲ್ಲಿ ಮತ್ತೆ ಕೆಲಸಕ್ಕೆ ಮರಳುತ್ತದೆ. ಅಪ್ಪನಿಗೆ ಕ್ರಿಯಾಟಿನಿನ್ ಪರೀಕ್ಷೆಯನ್ನು ಕೆಲವು ತಿಂಗಳ ಕಾಲ ಬಿಡದೆ ಮಾಡಿಸಿ.

ಪ್ರಶ್ನೆ: ಕಳೆದ ವರ್ಷ ಅಡಿಕೆ ತೋಟದಲ್ಲಿ ಒಂದೇ ಒಂದು ಕಣಜ ಕುತ್ತಿಗೆಗೆ ಕಚ್ಚಿತು. ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟು ಬಿದ್ದೆ. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಇನ್ನು ಮುಂದೆ ಸಿಟ್ರಿಜಿನ್ ಜೇಬಿನಲ್ಲಿ ಇಟ್ಟುಕೊಂಡರೆ ಸಾಕೇ?
— ಓದುಗರು, ಶಿರ್ತಾಡಿ

ಸಾಲದು. ನಿಮಗಾದದ್ದು ತೀವ್ರ ಅಲರ್ಜಿ, ಅಂದರೆ ಅನಾಫಿಲ್ಯಾಕ್ಸಿಸ್. ಎಷ್ಟು ಹುಳ ಕಚ್ಚಿದವು ಎಂಬ ಲೆಕ್ಕ ಇದಕ್ಕಿಲ್ಲ, ಒಂದೇ ಸಾಕು. ಸಿಟ್ರಿಜಿನ್ ತುರಿಕೆ ಇಳಿಸುತ್ತದೆ, ಉಸಿರನ್ನೂ ರಕ್ತದೊತ್ತಡವನ್ನೂ ಉಳಿಸುವುದಿಲ್ಲ. ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್: ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ, ಗುಣ ಕಾಣದಿದ್ದರೆ 5 ನಿಮಿಷದ ಬಳಿಕ ಇನ್ನೊಮ್ಮೆ. ಆದ್ದರಿಂದ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಕ್ಲಿನಿಕ್ ಸೇರಿ, ಮಂಗಳೂರಿನ ದೊಡ್ಡ ಆಸ್ಪತ್ರೆ ಆಮೇಲೆ. 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡ ಕೆಲವು ಗಂಟೆಗಳ ನಂತರ ಅಲರ್ಜಿ ಮತ್ತೆ ಕೆರಳುವುದುಂಟು. ವೈದ್ಯರು ಇರಲು ಹೇಳಿದಷ್ಟು ಹೊತ್ತು ಅಲ್ಲೇ ಇರಿ.

ಸಾಗಿಸುವ ರೀತಿಯ ಬಗ್ಗೆ ಮನೆಯವರಿಗೆ ಒಂದು ಮಾತು. ತಲೆ ಸುತ್ತಿ ಬಿದ್ದವರನ್ನು ಎಬ್ಬಿಸಿ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ. ರಕ್ತದೊತ್ತಡ ಕುಸಿದಿರುವಾಗ ಹೀಗೆ ನೆಟ್ಟಗೆ ಕೂರಿಸಿದರೆ ಹೃದಯವೇ ನಿಲ್ಲಬಹುದು. ಕಾರಿನಲ್ಲೋ ಜೀಪಿನಲ್ಲೋ ಮಲಗಿಸಿ, ಕಾಲು ಎತ್ತರಿಸಿ ಕರೆದೊಯ್ಯಿರಿ. ಉಸಿರಾಟದ ಕಷ್ಟವೇ ಮುಖ್ಯವಾಗಿದ್ದರೆ ಮಾತ್ರ ಒರಗಿ ಕೂರಲು ಬಿಡಿ.

ನಿಮ್ಮ ಬಿ.ಪಿ. ಮಾತ್ರೆ ಅಟೆನಾಲೋಲ್, ಮೆಟೊಪ್ರೊಲಾಲ್ ಗುಂಪಿನದಾದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು. ನೀವಾಗಿ ನಿಲ್ಲಿಸಬೇಡಿ, ಬದಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ತೋಟಕ್ಕೆ ಒಬ್ಬರೇ ಹೋಗಬೇಡಿ. ನಿಮಗೆ ಈ ಅಲರ್ಜಿ ಇದೆ ಎಂದು ಬರೆದ ಚೀಟಿ ಜೇಬಿನಲ್ಲಿರಲಿ.

ಪ್ರಶ್ನೆ: ಆರು ವರ್ಷದ ಮಗನ ಬೆರಳಿಗೆ ಸಣ್ಣ ಕಣಜ ಕಚ್ಚಿತು. ಅತ್ತೆ ಸುಣ್ಣ ಹಚ್ಚಿದರು. ಮರುದಿನ ಮುಂಗೈವರೆಗೆ ಬಾತುಕೊಂಡಿತು. ಕೀವಾಗಿದೆಯೇ? ಆ್ಯಂಟಿಬಯೋಟಿಕ್ ಬೇಕೇ?
— ತಾಯಿ, ಉಜಿರೆ

ಮೊದಲ ಎರಡು ದಿನದಲ್ಲಿ ಬರುವ ಬಾವು ಹೆಚ್ಚಾಗಿ ವಿಷಕ್ಕೆ ದೇಹ ತೋರುವ ಪ್ರತಿಕ್ರಿಯೆ, ಸೋಂಕಲ್ಲ. ಅದು 48 ಗಂಟೆಯವರೆಗೆ ಏರಿ, ನಿಧಾನವಾಗಿ ಇಳಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಡಿ, ಕೈಯನ್ನು ಎತ್ತರದಲ್ಲಿಡಿ, ಉಂಗುರ, ಬಳೆ, ದಾರ ಇದ್ದರೆ ಕೂಡಲೇ ತೆಗೆಯಿರಿ. ತುರಿಕೆಗೆ ಮಗುವಿನ ತೂಕ ನೋಡಿ ವೈದ್ಯರು ಕೊಡುವ ಸಿರಪ್ ಸಾಕು. ಮೂರನೆಯ ದಿನದ ಮೇಲೂ ಕೆಂಪು, ನೋವು ಏರುತ್ತಲೇ ಹೋದರೆ, ಜ್ವರ ಬಂದರೆ, ಕೀವು ಕಂಡರೆ ಸೋಂಕಿನ ಅನುಮಾನ, ಆಗ ತೋರಿಸಿ. ಬಾಯಿ ಅಥವಾ ಗಂಟಲಿನೊಳಗೆ, ಕಣ್ಣಿಗೆ ಕಚ್ಚಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಸುಣ್ಣ ಬೇಡ. ಅದು ಎಳೆ ಚರ್ಮವನ್ನು ಸುಡುತ್ತದೆ. ಸೀಮೆಎಣ್ಣೆಯೂ ಬೇಡ. ಸೋಪು ನೀರಲ್ಲಿ ತೊಳೆದರೆ ಸಾಕು. ಜೇನು ಕಚ್ಚಿದ್ದರೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಯುತ್ತಿರುತ್ತದೆ. ಉಗುರಿನಿಂದಲಾದರೂ ಸರಿ, ತಕ್ಷಣ ಕೆರೆದು ತೆಗೆಯಿರಿ. ಕಣಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ. ಅದಕ್ಕೇ ಒಂದೇ ಕಣಜ ಹಲವು ಸಲ ಕಚ್ಚಬಲ್ಲದು.

ಪ್ರಶ್ನೆ: ಹಂಚಿನ ಮಾಡಿನ ಅಡಿಯಲ್ಲಿ, ಪಂಪ್ ಶೆಡ್ಡಿನಲ್ಲಿ ಅಂಗೈಯಷ್ಟು ಅಗಲದ ಗೂಡುಗಳಿವೆ. ತೋಟಕ್ಕೆ ಬಿಡುವ ಕೀಟನಾಶಕ ಹೊಡೆದರೆ ಆಗದೇ?
— ಕೃಷಿಕ, ವಿಟ್ಲ

ಹೊರಗವಚವಿಲ್ಲದೆ ಕೋಣೆಗಳು ಕಾಣುವ ಆ ಚಿಕ್ಕ ಗೂಡು ಕಾಗದ ಕಣಜದ್ದು. ಇವುಗಳಲ್ಲೇ ಒಂದಾದ ರೋಪಾಲಿಡಿಯಾ ಮಾರ್ಜಿನೇಟಾವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಇವು ತಮ್ಮ ಮರಿಗಳಿಗಾಗಿ ನಿಮ್ಮ ತರಕಾರಿ ಸಾಲಿನ ಕಂಬಳಿಹುಳಗಳನ್ನು ಹಿಡಿದೊಯ್ಯುತ್ತವೆ. ಕೈ ತಾಗದ ಜಾಗದಲ್ಲಿದ್ದರೆ ಇರಲಿ ಬಿಡಿ.

ತೋಟದ ಕೀಟನಾಶಕವನ್ನು ಮನೆಯ ಮಾಡಿಗೆ ಹೊಡೆಯಬೇಡಿ. ಕ್ಲೋರ್‌ಪೈರಿಫಾಸ್‌ನಂಥವು ಉಸಿರಿನಲ್ಲಿ, ಚರ್ಮದಲ್ಲಿ ಒಳಸೇರಿ ಬೆವರು, ಜೊಲ್ಲು, ವಾಂತಿ, ಉಸಿರಾಟದ ತೊಂದರೆ ತರುತ್ತವೆ. ತಲೆಯ ಮೇಲಿನ ಗೂಡಿಗೆ ಹೊಡೆದದ್ದು ಮುಖದ ಮೇಲೆಯೇ ಬೀಳುತ್ತದೆ.

ಮುಂದಿನ ವರ್ಷ ಗೂಡು ಬೇಡವೆಂದಾದರೆ ಈಗಲೇ ಕೆಲಸ ಶುರು ಮಾಡಿ. ಒಡೆದ ಹಂಚು, ಗೋಡೆಯ ಬಿರುಕು, ಪಂಪ್ ಶೆಡ್ಡಿನ ಸಂದು ಮುಚ್ಚಿಸಿ. ಗೂಡು ಕಟ್ಟಲು ತೊಡಗುವ ದಿನಗಳಲ್ಲಿ ವಾರಕ್ಕೊಮ್ಮೆ ಮಾಡಿನಡಿ ಕಣ್ಣಾಡಿಸಿ. ಯಂತ್ರ ಹಿಡಿದು ಹುಲ್ಲಿಗೆ ಇಳಿಯುವ ಮುನ್ನ, ದೋಟಿ ಎತ್ತುವ ಮುನ್ನ, ಕಣಜ ಒಂದೇ ಜಾಗಕ್ಕೆ ಹೋಗಿ ಬರುತ್ತಿದೆಯೇ ಎಂದು ಐದು ನಿಮಿಷ ನಿಂತು ನೋಡಿ. ಕೂಲಿಗೆ ಬಂದವರನ್ನು ಮರ ಹತ್ತಿಸುವ ಮೊದಲು ಅಲ್ಲಿ ಗೂಡಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ತೋಟದ ಯಜಮಾನರ ಹೊಣೆ. ಆರೋಗ್ಯ ಕೇಂದ್ರದ ಫೋನ್ ನಂಬರನ್ನು ಅವರ ಮೊಬೈಲಿನಲ್ಲೂ ಹಾಕಿಕೊಡಿ.