ಎಕ್ಸ್-ಕಿರಣ ಸೂಸುವ ಜೋಡಿ ನಕ್ಷತ್ರಗಳು
ನ್ಯೂಟ್ರಾನ್ ನಕ್ಷತ್ರವಾಗಲಿ ಕಪ್ಪುಕುಳಿಯಾಗಲಿ, ಜೊತೆಗಾರ ನಕ್ಷತ್ರದಿಂದ ಸೆಳೆದುಕೊಂಡ ಅನಿಲ ನೇರವಾಗಿ ಒಳಗೆ ಬೀಳುವುದು ಅಪರೂಪ. ಸಾಮಾನ್ಯವಾಗಿ ಅದು ಸುತ್ತುತ್ತಾ ತಟ್ಟೆಯಂತೆ ಹರಡಿಕೊಳ್ಳುತ್ತದೆ. ತಟ್ಟೆಯ ಒಳಭಾಗ ಘರ್ಷಣೆಯಿಂದ ಸುಮಾರು ಒಂದು ಕೋಟಿ ಡಿಗ್ರಿಯವರೆಗೆ ಕಾದು ಎಕ್ಸ್-ಕಿರಣ ಸೂಸುತ್ತದೆ. ಶಕ್ತಿಯ ಮೂಲ ಗುರುತ್ವ, ಬೈಜಿಕ ಸಮ್ಮಿಲನವಲ್ಲ. ಹಲವರು ಎಡವುವುದು ಇಲ್ಲೇ. ಹೈಡ್ರೋಜನ್ ಸಮ್ಮಿಲನದಲ್ಲಿ ದ್ರವ್ಯರಾಶಿಯ ಶೇ 0.7ರಷ್ಟು ಶಕ್ತಿಯಾದರೆ, ಇಲ್ಲಿ ಸುಮಾರು ಶೇ 10ರಷ್ಟು.

ಒಳಗಿರುವುದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಎಂದು ಗುರುತಿಸುವುದು ಹೇಗೆ? ನ್ಯೂಟ್ರಾನ್ ನಕ್ಷತ್ರಕ್ಕೆ ಮೇಲ್ಮೈ ಇದೆ. ಅಲ್ಲಿ ಶೇಖರವಾದ ಅನಿಲ ಆಗಾಗ ಹೊತ್ತಿ ಸ್ಫೋಟಿಸುತ್ತದೆ (ಈ ಸ್ಫೋಟ ಮಾತ್ರ ಸಮ್ಮಿಲನದ್ದೇ). ಕಾಂತಕ್ಷೇತ್ರ ಪ್ರಬಲವಾಗಿದ್ದರೆ ಲಯಬದ್ಧ ಮಿಡಿತವೂ ಕಾಣುತ್ತದೆ. ಕಪ್ಪುಕುಳಿಗೆ ಮೇಲ್ಮೈಯೇ ಇಲ್ಲದ್ದರಿಂದ ಇವೆರಡೂ ಇಲ್ಲ. ಆದರೆ ಸ್ಫೋಟ ಕಾಣಲಿಲ್ಲವೆಂದು ಕಪ್ಪುಕುಳಿ ಎನ್ನಲಾಗದು. ಹಾಗೆನ್ನಲು ಅದರ ದ್ರವ್ಯರಾಶಿ ಸುಮಾರು 3 ಸೂರ್ಯರನ್ನು ಮೀರಿರಬೇಕು. ಸಿಗ್ನಸ್ ಎಕ್ಸ್-1 ಜೋಡಿಯ ಕಪ್ಪುಕುಳಿಯದ್ದು ಸುಮಾರು 21 ಸೂರ್ಯರಷ್ಟು.

ಎಕ್ಸ್-ಕಿರಣಗಳನ್ನು ಭೂಮಿಯ ವಾತಾವರಣ ಹೀರಿಕೊಳ್ಳುವುದರಿಂದ ವೀಕ್ಷಣೆಗೆ ರಾಕೆಟ್, ಉಪಗ್ರಹ ಬೇಕೇ ಬೇಕು. 1962ರಲ್ಲಿ ರಿಕಾರ್ಡೊ ಜಿಯಾಕೋನಿ ತಂಡದ ರಾಕೆಟ್ ಸ್ಕಾರ್ಪಿಯಸ್ ಎಕ್ಸ್-1 ಅನ್ನು ಪತ್ತೆಹಚ್ಚಿತು. ಅದು ನ್ಯೂಟ್ರಾನ್ ನಕ್ಷತ್ರ. ಜಿಯಾಕೋನಿಗೆ 2002ರ ಭೌತವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 1970ರ ಉಹುರು ಮೊದಲ ಎಕ್ಸ್-ಕಿರಣ ಖಗೋಳ ಉಪಗ್ರಹ.

ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಹಾರಿತು. ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವ ಎಕ್ಸ್‌ಪೋಸ್ಯಾಟ್ 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58ರಲ್ಲಿ ಕಕ್ಷೆ ಸೇರಿತು. ಅದರ ಮುಖ್ಯ ಉಪಕರಣ ಪೋಲಿಕ್ಸ್ ಅನ್ನು ನಿರ್ಮಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ.