ಅಂಬ್ರೆಲಾ ಬಿಡು, ಪರಕಾರ ಹೊಲಿ

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೊ ನೋಡಿದೆನವ್ವ. ಮೂರು ಮೀಟರ್ ಗುಳೇದಗುಡ್ಡದ ಖಣ, ಅದರ ಮೇಲೆ ಚಾಕಿನಲ್ಲಿ ಗೀಚಿದ ಅರ್ಧಚಂದ್ರ, ಪಕ್ಕದಲ್ಲಿ ಕತ್ತರಿ. ‘ಅತ್ತೆ, ಎಷ್ಟು ಸಲ ಹಾಸಿ ನೋಡಿದರೂ ಮನಸ್ಸಿಗೆ ಬರುತ್ತಿಲ್ಲ’ ಎಂದು ಬರೆದಿದ್ದೆ. ಕತ್ತರಿ ಹಾಕದೆ ಕೈ ತಡೆದೆಯಲ್ಲ, ಅಷ್ಟಕ್ಕೇ ನನ್ನ ಜೀವ ತಣ್ಣಗಾಯಿತು. ಹಾಗೆ ಮನಸ್ಸು ಹಿಂದೇಟು ಹಾಕಿದಾಗ ಅದನ್ನು ಅಂಜಿಕೆ ಎಂದುಕೊಳ್ಳಬೇಡ. ಬಟ್ಟೆ ಮುಟ್ಟಿ ಮುಟ್ಟಿ ನಿನ್ನ ಬೆರಳಿಗೆ ಏನೋ ತಿಳಿದಿದೆ, ತಲೆಗೆ ಇನ್ನೂ ಮುಟ್ಟಿಲ್ಲ.

ನಿನ್ನ ಅಂಬ್ರೆಲಾ ಫ್ರಾಕಿನ ಲೆಕ್ಕ ಸರಿಯಾಗಿಯೇ ಇದೆ. ಮಗಳ ಸೊಂಟ 22 ಇಂಚು, ಅದಕ್ಕೆ ಒಳಸುತ್ತಿನ ತ್ರಿಜ್ಯ ಮೂರೂವರೆ ಇಂಚು, ಅಲ್ಲಿಂದ 22 ಇಂಚು ಉದ್ದ. ಒಟ್ಟು ಇಪ್ಪತ್ತೈದೂವರೆ. ಖಣದ ಪನ್ನ 31 ಇಂಚು ಇದ್ದರೆ ಎರಡು ಅರ್ಧ ವೃತ್ತ ಕೂಡುತ್ತವೆ. ಆದರೆ ಅರ್ಧ ವೃತ್ತದ ನಡುವೆ ನೆಟ್ಟಗೆ ನಿಂತ ಬುಟ್ಟಾ ಎರಡೂ ಪಕ್ಕಕ್ಕೆ ಬರುವ ಹೊತ್ತಿಗೆ ಅಡ್ಡ ಮಲಗುತ್ತದೆ. ಅಂಚಿನ ದಡಿ ನೇರ ನೇಯ್ದದ್ದು, ಕೆಳಗಿನ ಸುತ್ತಿಗೆ ಅದು ಬಾಗುವುದಿಲ್ಲ. ಕತ್ತರಿಸಿ ತೆಗೆಯಬೇಕು, ಇಲ್ಲವೇ ಸೈಡ್ ಹೊಲಿಗೆಯೊಳಗೆ ಹೂಳಬೇಕು. ದಡಿ ಹೋದ ಮೇಲೆ ಖಣದಲ್ಲಿ ಉಳಿಯುವುದೇನು?

ಅದರ ಮೈಯನ್ನೂ ನೋಡು. ಕುಬಸಕ್ಕೆಂದೇ ಹುಟ್ಟಿದ ಬಟ್ಟೆ ಅದು. ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಮಡಿಸಿ ಇಡುತ್ತೇವಲ್ಲ, ಆ ಖಣ. ಹಳೆಯ ಪದ್ಧತಿಯಲ್ಲಿ ಹಾಸು ರೇಷ್ಮೆಯದು, ಹೊಕ್ಕು ಹತ್ತಿಯದು. ಈಗ ಆರ್ಟ್ ಸಿಲ್ಕಿನದೂ ಬರುತ್ತದೆ. ಯಾವುದಾದರೂ ಮೈಗೆ ಬಿಗಿಯಾಗಿ ಕೂರುವ ಬಟ್ಟೆಯೇ ಹೊರತು ಇಳಿಬಿದ್ದು ಹರಿಯುವಂಥದ್ದಲ್ಲ. ಅಂಬ್ರೆಲಾಕ್ಕೆ ಜಾರ್ಜೆಟ್ಟೋ ಕ್ರೇಪೋ ರೇಯಾನೋ ಬೇಕು. ನಂಬಿಕೆ ಬರದಿದ್ದರೆ ಕತ್ತರಿಸುವ ಮೊದಲು ಖಣದ ಒಂದು ಮೂಲೆ ಹಿಡಿದು ಬಾಗಿಲ ಚಿಲಕಕ್ಕೆ ಪಿನ್ ಮಾಡಿ ಬಿಡು. ಪಕ್ಕದಲ್ಲಿ ನಿನ್ನ ಹಳೆಯ ಜಾರ್ಜೆಟ್ ದುಪಟ್ಟಾ ತೂಗು ಹಾಕು. ದುಪಟ್ಟಾ ನೀರಿನಂತೆ ಇಳಿಯುತ್ತದೆ, ಖಣ ಮೂಲೆಮೂಲೆಯಾಗಿ ನಿಲ್ಲುತ್ತದೆ. ಹೊಸ ಬಟ್ಟೆ ಯಾವುದೇ ಇರಲಿ, ನಾನು ಈಗಲೂ ಹೀಗೆ ತೂಗು ಹಾಕಿ ನೋಡದೆ ಚಾಕ್ ಹಿಡಿಯುವುದಿಲ್ಲ.

ಇದನ್ನು ಕಲಿಯಲು ನಾನು ಒಂದು ಒಳ್ಳೆಯ ಸೀರೆ ಕಳೆದುಕೊಂಡಿದ್ದೇನೆ. ನನ್ನ ಮಗಳಿಗೆ ಏಳು ವರ್ಷವಿದ್ದಾಗ ಅವ್ವನ ಹಳೆಯ ಇಳಕಲ್ ಸೀರೆಯ ಮೈಯಿಂದ ಅಂಬ್ರೆಲಾ ಫ್ರಾಕ್ ಹೊಲಿದೆ. ಹಾಸು ಹೊಕ್ಕಿನ ಮೇಲೆ ನೇರವಾಗಿ ಬಂದ ಭಾಗ ನೆಟ್ಟಗಿತ್ತು, ಓರೆಯಾಗಿ ಬಂದ ಭಾಗ ತನ್ನ ಭಾರಕ್ಕೆ ತಾನೇ ಎಳೆದುಕೊಂಡಿತು. ಎರಡು ದಿನದಲ್ಲಿ ಕೆಳಗಿನ ಅಂಚು ನಾಲ್ಕು ಕಡೆ ಜೋತುಬಿತ್ತು. ಕತ್ತರಿಸಿ ಸರಿಮಾಡಿದೆ, ಮತ್ತೆ ಜೋತಿತು, ಮತ್ತೆ ಕತ್ತರಿಸಿದೆ. ಕೊನೆಗೆ ಫ್ರಾಕು ಮೊಣಕಾಲಿನ ಮೇಲಕ್ಕೆ ಹೋಯಿತು. ಸೊಂಟದ ಹೊಲಿಗೆ ಹಾಕುವಾಗಲೇ ‘ಇದು ಕೂಡಿಬರುತ್ತಿಲ್ಲ’ ಎಂದು ನನಗೆ ಗೊತ್ತಾಗಿತ್ತು. ಇಷ್ಟು ಹೊಲಿದಾಗಿದೆ, ಈಗ ಬಿಚ್ಚುವುದೆಂತು ಎಂದು ಮುಂದುವರಿದೆ. ಅವ್ವ ಉಟ್ಟ ಸೀರೆ ಅದು. ಇವತ್ತಿಗೂ ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ.

ಅದಕ್ಕೇ ಹೇಳುತ್ತೇನೆ, ಪರಕಾರ ಪೋಲಕ ಹೊಲಿ. ಖಣವನ್ನು ಅಡ್ಡ ಹಿಡಿ, ಪನ್ನವೇ ಪರಕಾರದ ಉದ್ದವಾಗಲಿ. ಕೆಳಗಿನ ದಡಿ ತಾನಾಗಿ ಕಾಲ ಬಳಿ ಬಂದು ಕೂರುತ್ತದೆ. ಬುಟ್ಟಾ ಆಗ ಅಡ್ಡಕ್ಕೆ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ದೂರ ನಿಂತು ಒಮ್ಮೆ ನೋಡಿಕೋ. ನೆರಿಗೆಗೆ ಸೊಂಟದ ಮೂರರಷ್ಟು, ಅಂದರೆ 66 ಇಂಚು; ಜೋಡಿಸುವುದಕ್ಕೆ ಸೇರಿಸಿ 72 ಹಿಡಿ. ಮೂರು ಮೀಟರಿನಲ್ಲಿ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಉಳಿದು ಪೋಲಕಕ್ಕೆ ಸಾಕಾಗುತ್ತದೆ. ಪರಕಾರ 27 ಇಂಚು ಇಟ್ಟರೆ ಪನ್ನದಲ್ಲಿ ಉಳಿದ ನಾಲ್ಕು ಇಂಚನ್ನು ಕತ್ತರಿಸಬೇಡ. ಸ್ವಲ್ಪ ಸೊಂಟಪಟ್ಟಿಯೊಳಗೆ ಹೋಗಲಿ, ಉಳಿದದ್ದನ್ನು ದಡಿಯ ಮೇಲೆ ಒಳಮಡಿಕೆ ಹಾಕು. ಮುಂದಿನ ವರ್ಷ ಹುಡುಗಿ ಎತ್ತರವಾದಾಗ ಆ ಹೊಲಿಗೆ ಬಿಚ್ಚಿದರೆ ಆಯಿತು.

ಪೋಲಕಕ್ಕೆ ತೆಳು ಹತ್ತಿಯ ಅಸ್ತರ ಕೊಡು, ಮೊದಲೇ ನೀರಿಗೆ ಹಾಕಿ ಒಣಗಿಸಿದ್ದು. ಖಣದ ಎಳೆ ಬೇಗ ಬಿಡುತ್ತದೆ. ಮಾರ್ಜಿನ್ ಒಂದು ಇಂಚು ಇರಲಿ, ಓವರ್‌ಲಾಕ್ ತಪ್ಪಿಸಬೇಡ. ಇಸ್ತ್ರಿ ಉಲ್ಟಾ ಕಡೆಯಿಂದ.

ಮಗಳಿಗೆ ಅಂಬ್ರೆಲಾ ಎಂದು ಮಾತು ಕೊಟ್ಟಿದ್ದೀಯ, ಅದು ನಿನ್ನನ್ನು ಕೊರೆಯುತ್ತಿದೆ, ಗೊತ್ತು. ಅವಳನ್ನು ಹತ್ತಿರ ಕೂರಿಸಿಕೊಂಡು ಖಣಕ್ಕೆ ನಾಲ್ಕು ನೆರಿಗೆ ಹಿಡಿದು ಸೊಂಟಕ್ಕೆ ಕಟ್ಟಿ ತೋರಿಸು. ಅವಳಿಗೆ ಬೇಕಾದದ್ದು ಗಿರಕಿ ಹೊಡೆಯುವಾಗ ಬಟ್ಟೆ ಅರಳುವುದು. 66 ಇಂಚಿನ ನೆರಿಗೆಯೂ ಅರಳುತ್ತದೆ, ಗರಗರ ಸದ್ದೂ ಮಾಡುತ್ತದೆ. ಅಂಬ್ರೆಲಾ ಬೇಕೇ ಬೇಕೆಂದರೆ ರೇಯಾನ್ ತಂದು ಬೇರೆ ಹೊಲಿ, ಯುಗಾದಿಗೆ ಇನ್ನೂ ದಿನವಿದೆ. ಮ್ಯಾಚಿಂಗ್ ಲೇಸ್, ಝಿಪ್ ಎಲ್ಲ ತಂದುಬಿಟ್ಟಿದ್ದೀಯಾ? ಆ ಫ್ರಾಕಿಗೆ ಬರುತ್ತವೆ. ಲೇಸಿನ ದುಡ್ಡು ವ್ಯರ್ಥವಾಗಬಾರದೆಂದು ಖಣಕ್ಕೆ ಕತ್ತರಿ ಹಾಕುವುದು ಮಾತ್ರ ಬೇಡ.

ಚಾಕಿನ ಗೆರೆಯನ್ನು ಒಣ ಬ್ರಷ್‌ನಿಂದ ತಟ್ಟಿ ತೆಗೆ, ನೀರು ಹಚ್ಚಿ ಉಜ್ಜಬೇಡ. ಪೋಲಕ ಕತ್ತರಿಸಿದ ಮೇಲೆ ಉಳಿಯುವ ಚೂರುಗಳನ್ನು ಒಂದು ಚೀಲದಲ್ಲಿ ಹಾಕಿಡು. ಇಲ್ಲಿ ನನ್ನ ಕೌದಿ ಅರ್ಧಕ್ಕೆ ನಿಂತಿದೆ. ಅದರ ಕೆಳಗಿನ ಸಾಲಿನಲ್ಲಿ ನಿನ್ನ ಅಜ್ಜಿಯ ಇಳಕಲ್ ಸೀರೆಯ ಚೂರುಗಳಿವೆ, ಪಕ್ಕದಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ.